ಜಾಗ ಬಿಡದವರು

ಶವಪೆಟ್ಟಿಗೆ ಮಾಡುವವನು ಎರಡು ಸಲ ಫೋನ್ ಮಾಡಿದ. ನಾವು ಕೊಟ್ಟ ಅಳತೆಯಲ್ಲಿ ಏನೋ ತಪ್ಪಿದೆ ಎಂಬುದು ಅವನ ಖಚಿತ ಅಭಿಪ್ರಾಯ. ಉದ್ದವೇನೋ ಸರಿ, ಆದರೆ ಇಷ್ಟು ಅಗಲದ ಮನುಷ್ಯರಿರುವುದಿಲ್ಲ, ಇದು ಬೀರುವಿನ ಅಳತೆ ಇರಬೇಕು, ಇನ್ನೊಮ್ಮೆ ನೋಡಿ ಹೇಳಿ ಎಂದ. ನನ್ನ ಗಂಡ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು.

"ಏನ್ ಹೇಳ್ಲೇ ಇವನಿಗೆ? ಮನುಷ್ಯಂದೇ ಅಳತೆ ಅಂದ್ರೆ ನಂಬ್ತಾನೇ ಇಲ್ಲ."

"ಬಂದು ನಮ್ಮ ಅಡುಗೆಮನೆ ಬಾಗಿಲು ನೋಡ್ಕೊಂಡು ಹೋಗು ಅನ್ನಿ," ಎಂದೆ. ಆ ಬಾಗಿಲಲ್ಲಿ ಈಗ ತೀರಿಹೋದ ಆ ಹಿರಿಯರು ಯಾವತ್ತೂ ನೇರವಾಗಿ ಒಳಗೆ ಬಂದವರಲ್ಲ. ಪಕ್ಕಕ್ಕೆ ತಿರುಗಿ, ಒಂದು ಹೆಗಲನ್ನು ಮೊದಲು ಕಳಿಸಿ, ಆಮೇಲೆ ಉಳಿದ ಮೈಯನ್ನು ಒಳಗೆ ತರುತ್ತಿದ್ದರು. ಅದು ನೆನಪಾಗಿ ಅಳುವಿನ ನಡುವೆ ನಗು ಬಂತು. ಗಂಡನಿಗೂ ಬಂತು. ಪೆಟ್ಟಿಗೆಯವನು ಆ ಕಡೆಯಿಂದ ಹಲೋ ಹಲೋ ಎನ್ನುತ್ತಲೇ ಇದ್ದ.

ಅವರು ನಮ್ಮ ಮೇಲಿನ ಮನೆಯವರು. ನೈರೋಬಿಯ ಸೌತ್ ಬಿಯಲ್ಲಿ ನಮ್ಮದು ಎರಡನೇ ಮಹಡಿ, ಅವರದು ಮೂರನೆಯದು, ಎಡಗಡೆಯ ಬಾಗಿಲು. ಲಿಫ್ಟ್ ಇಲ್ಲದ ಕಟ್ಟಡ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಈ ಊರಿನಲ್ಲಿ ಯಾರೂ ಗುರುತಿಸದಿದ್ದ ಹೆಸರನ್ನು ಹೋದ ಮೇಲೆ ಅಚ್ಚು ಹಾಕಿಸಿದರೆ ಅವರೇ ನಕ್ಕಾರು. ನಾನು ಅವರನ್ನು ಮ್ಜೇ ಎನ್ನುತ್ತಿದ್ದೆ, ಇಲ್ಲಿ ಹಿರಿಯರನ್ನು ಕರೆಯುವುದು ಹಾಗೆ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳಾದ್ದರಿಂದ ಅವರಿಗೆ ನಾನು ಮ್ವಾಲಿಮು, ಅಂದರೆ ಟೀಚರಮ್ಮ. ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿರುವ ನನ್ನ ಗಂಡ ಮಾತ್ರ ಅವರನ್ನು ಕೊನೆಯವರೆಗೂ ಸರ್ ಎಂದೇ ಕರೆದರು. ನಮ್ಮ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಅವರ ಬಾಯಲ್ಲಿ ಕನ್ನಡ ಹಾಕುತ್ತಿದ್ದೇನೆ. ಆ ದಪ್ಪ, ನಿಧಾನದ ದನಿಗೆ ನಮ್ಮ ಭಾಷೆ ಚೆನ್ನಾಗಿಯೇ ಒಪ್ಪುತ್ತದೆ.

ನೈರೋಬಿಯದೇ ಪಂಗಾನಿ ಬಡಾವಣೆಯಲ್ಲಿ ಹುಟ್ಟಿ ಬೆಳೆದವರು. ಶಾಲೆಯಲ್ಲಿ ಗುಂಡು ಎಸೆಯುತ್ತಿದ್ದರು. ಎಸೆದ ಗುಂಡು ಎಷ್ಟು ದೂರ ಹೋಯಿತೆಂದರೆ ಅಮೆರಿಕದ ಕಾಲೇಜೊಂದು ಫೀಸು, ಊಟ, ವಸತಿ ಕೊಟ್ಟು ಕರೆಸಿಕೊಂಡಿತು. ಅಲ್ಲಿ ಒಬ್ಬ ಕೋಚ್ ಇವರ ಬೆನ್ನಿನ ಅಗಲ ನೋಡಿ, ಗುಂಡು ಅಲ್ಲಿಡು, ಇಲ್ಲಿ ಬಾ ಎಂದನಂತೆ. ಅಲ್ಲಿಂದ ಮುಂದೆ ಅವರ ಬದುಕೆಲ್ಲ ಅಮೆರಿಕದವರ ಫುಟ್‌ಬಾಲ್. ನಮಗೆ ಗೊತ್ತಿರುವ ಕಾಲ್ಚೆಂಡಲ್ಲ. ತಲೆಗೆ ಹೆಲ್ಮೆಟ್, ಹೆಗಲಿಗೆ ದಿಂಬು ಕಟ್ಟಿಕೊಂಡು, ಎರಡೂ ತುದಿ ಚೂಪಾದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳುವ ಆಟ. ಕಾಲೇಜು ಮುಗಿಸಿ ದುಡ್ಡಿಗೆ ಆಡುವ ತಂಡ ಸೇರಿ ಹಲವು ವರ್ಷ ಆಡಿದರು. ಆಡಿದ್ದು ಎದುರಾಳಿಗಳು ನುಗ್ಗದಂತೆ ಕಾಯುವವರ ಸಾಲಿನ ನಟ್ಟನಡುವೆ.

ಪರಿಚಯವಾದದ್ದು ಫ್ರಿಜ್ಜಿನಿಂದ. ನಾವು ಆ ಮನೆಗೆ ಬಂದ ಹೊಸತು. ಫ್ರಿಜ್ಜು ಮೇಲೆ ತರುವಾಗ ಕೂಲಿಯವನೊಬ್ಬನ ಕೈ ಜಾರಿ, ಅದು ಮೆಟ್ಟಿಲ ತಿರುವಿನಲ್ಲಿ ಹಿಂದಕ್ಕೆ ವಾಲಿತು. ಅದರ ಕೆಳಗೆ ನನ್ನ ಗಂಡ. ನಾನು ಮೇಲಿನಿಂದ ಕಿರುಚುವಷ್ಟರಲ್ಲಿ ಯಾರೋ ಹಿಂದಿನಿಂದ ಬಂದು ನನ್ನ ಗಂಡನನ್ನು ಒಂದು ಕೈಯಲ್ಲಿ ಗೋಡೆಗೆ ಸರಿಸಿ, ಫ್ರಿಜ್ಜಿನ ಅಡಿಗೆ ಹೆಗಲು ಕೊಟ್ಟು ನಿಂತುಬಿಟ್ಟರು. ಕೂಲಿಯವರು ತಳ್ಳಿ ತಳ್ಳಿ ಎಂದು ಕೂಗಿದರು. ಅವರು ತಳ್ಳಲಿಲ್ಲ. ಹಿಂದಕ್ಕೂ ಹೋಗಲಿಲ್ಲ. ಕೂಲಿಯವರು ಹಗ್ಗ ತಂದು, ಗಂಟು ಹಾಕಿ, ಎಳೆದುಕೊಳ್ಳುವವರೆಗೂ ಹಾಗೇ ಇದ್ದರು. ನನ್ನ ಗಂಡ ಕೈ ಮುಗಿದು ಏನೇನೋ ಹೇಳಿದರು.

"ತಳ್ಳೋದು ನನ್ನ ಕೆಲಸ ಅಲ್ಲ," ಎಂದರು ಅವರು. "ನಿಲ್ಲೋದು ನನ್ನ ಕೆಲಸ."

ಇದೇನು ವೇದಾಂತ ಹೇಳುತ್ತಿದ್ದಾರಲ್ಲ ಎಂದುಕೊಂಡೆ. ವೇದಾಂತವಲ್ಲ, ಉದ್ಯೋಗದ ವಿವರ ಎಂದು ತಿಳಿಯಲು ಸ್ವಲ್ಪ ಕಾಲ ಹಿಡಿಯಿತು.

ಆ ದಿನ ಅವರು ತಮ್ಮ ಮಹಡಿಗೆ ಹತ್ತಿದ್ದನ್ನು ನೋಡಿದೆ. ಫ್ರಿಜ್ಜು ಹೊತ್ತ ಮನುಷ್ಯನಿಗೆ ತನ್ನ ಮೈ ಹೊರಲಾಗುತ್ತಿರಲಿಲ್ಲ. ಎರಡೂ ಮಂಡಿ ಹೋಗಿದ್ದವು. ಕಂಬಿ ಹಿಡಿದು, ಒಂದು ಕಾಲನ್ನು ಮೇಲಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ನಿಂತು, ಮತ್ತೆ ಮುಂದಿನ ಮೆಟ್ಟಿಲು. ಇಡೀ ಕಟ್ಟಡಕ್ಕೆ ಆ ಸದ್ದು ಕೇಳುತ್ತಿತ್ತು. ನೆಲಮಹಡಿಯ ಮನೆ ಆಗಾಗ ಖಾಲಿ ಬೀಳುತ್ತಿತ್ತು, ಅದರ ಮಾಲೀಕ ಅದಲುಬದಲಿಗೆ ತಯಾರಿದ್ದ. ನನಗೋ ಇನ್ನೊಬ್ಬರ ಸಂಸಾರ ಸರಿಮಾಡುವ ಚಟ. ಕಂಡಾಗೆಲ್ಲ, ಮ್ಜೇ ಕೆಳಗೆ ಬಂದುಬಿಡಿ, ಮ್ಜೇ ಕೆಳಗೆ ಬಂದುಬಿಡಿ ಎಂದು ಪ್ರಾಣ ತಿಂದೆ. ಅವರು ನಗುತ್ತಿದ್ದರು, ಬರುತ್ತಿರಲಿಲ್ಲ. ಒಂದು ದಿನ ನಾನು ಜಗಳಕ್ಕೇ ನಿಂತಾಗ ಕಾರಣ ಹೇಳಿದರು.

ಮೂರನೇ ಮಹಡಿಯ ಆ ಮನೆ ಅವರು ಆಟದ ಮೊದಲ ಸಂಬಳದಲ್ಲಿ ಕೊಂಡದ್ದು. ಅಮೆರಿಕದಲ್ಲಿ ಮದುವೆಯಾಗಿ, ಮುರಿದು, ಆಟವೂ ಮುಗಿದು ಊರಿಗೆ ಹೊರಟಾಗ ಮಗಳು ಎಂಟು ವರ್ಷದವಳು, ತಾಯಿಯ ಹತ್ತಿರ ಉಳಿದಳು. ವಿಮಾನ ನಿಲ್ದಾಣದಲ್ಲಿ ಅವಳನ್ನು ಕೂರಿಸಿಕೊಂಡು ಈ ವಿಳಾಸವನ್ನು ಬಾಯಿಪಾಠ ಮಾಡಿಸಿದ್ದರು. ಸೌತ್ ಬಿ, ಇಂಥ ರಸ್ತೆ, ಇಂಥ ಕಟ್ಟಡ, ಮೂರನೇ ಮಹಡಿ, ಎಡಗಡೆ ಬಾಗಿಲು. ತಪ್ಪದೆ ಹೇಳುವವರೆಗೂ ಬಿಡಲಿಲ್ಲವಂತೆ.

"ಫೋನ್ ನಂಬರ್ ಬದಲಾಗುತ್ತೆ ಮ್ವಾಲಿಮು. ಬಾಗಿಲು ಬದಲಾಗಲ್ಲ. ನಿನಗೆ ಯಾವಾಗ ಬೇಕನ್ನಿಸುತ್ತೋ ಆಗ ಬಾ, ನಾನು ಅಲ್ಲೇ ಇರ್ತೀನಿ ಅಂದಿದೀನಿ. ಈಗ ಕೆಳಗೆ ಬಂದ್ರೆ ಸುಳ್ಳು ಹೇಳಿದ ಹಾಗಾಗುತ್ತೆ."

ಫೋನ್ ನಂಬರ್ ನಿಜಕ್ಕೂ ಬದಲಾಯಿತು. ತಾಯಿ ಇನ್ನೊಂದು ಮದುವೆಯಾಗಿ ಬೇರೆ ರಾಜ್ಯಕ್ಕೆ ಹೋದಳು, ಕರೆಗಳು ನಿಂತವು. ಇವರು ಹುಡುಕಲಿಲ್ಲ. ಏಕೆ ಹುಡುಕಲಿಲ್ಲ ಎಂದರೆ, ಬೆನ್ನಟ್ಟೋದು ಬೇರೆಯವರ ಕೆಲಸ ಎಂದರು. ಛಲ ಬಿಡದ ತ್ರಿವಿಕ್ರಮರು ನಮ್ಮ ಕಡೆಯೂ ಇದ್ದಾರೆ, ಆದರೆ ಅವರು ಹೆಗಲ ಮೇಲೆ ಹೊತ್ತು ನಡೆಯುವವರು. ಇಂಥ ನಿಂತಲ್ಲೇ ನಿಂತ ಛಲವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಗಂಡನಿಗೆ ಕ್ರಿಕೆಟ್ ಹುಚ್ಚು. ಒಂದು ಭಾನುವಾರ ಕಾಫಿಗೆ ಕರೆದು ಕೂರಿಸಿಕೊಂಡು ಲೆಕ್ಕ ಕೇಳತೊಡಗಿದರು.

"ಸರ್, ಟೋಟಲ್ ಎಷ್ಟು ಪಾಯಿಂಟ್ಸ್ ಮಾಡಿರ್ಬೋದು ನೀವು, ಹೋಲ್ ಕರಿಯರ್‌ನಲ್ಲಿ?"

"ಸೊನ್ನೆ."

ದೊಡ್ಡವರ ವಿನಯ ಎಂದುಕೊಂಡು ನನ್ನ ಗಂಡ, "ಪರವಾಗಿಲ್ಲ, ಹೇಳಿ ಸರ್," ಎಂದರು.

"ಸೊನ್ನೆನೇ. ಚೆಂಡು ಮುಟ್ಟಿದ್ದೇ ಒಂದು ಸಲ. ಯಾರದೋ ಕೈ ಜಾರಿ ನನ್ನ ಕಾಲ ಹತ್ರ ಉರುಳ್ಕೊಂಡು ಬಂತು. ಅದರ ಮೇಲೆ ಮಲಗಿಬಿಟ್ಟೆ."

"ಎತ್ಕೊಂಡು ಓಡ್ಲಿಲ್ವಾ?"

"ನಮ್ಮಂಥವರಿಗೆ ಹಾಗೆ ಕಲಿಸಲ್ಲ. ಮೇಲೆ ಬೀಳು, ಅಪ್ಕೋ, ಅಲ್ಲಾಡಬೇಡ. ಅಷ್ಟೇ ಪಾಠ."

ಗಂಡನ ಮುಖ ನೋಡಿ ಅವರಿಗೆ ಪಾಪ ಅನ್ನಿಸಿರಬೇಕು. ನನ್ನ ಅಡುಗೆಮನೆಯಿಂದ ಸ್ಟೀಲ್ ಡಬ್ಬಿಗಳನ್ನು ತರಿಸಿ ಮೇಜಿನ ಮೇಲೆ ಆಟ ಹೂಡಿದರು. ಉದ್ದಿನಬೇಳೆಯ ದೊಡ್ಡ ಡಬ್ಬಿ ತಾವು. ಎದುರಿಗೆ ಸಕ್ಕರೆ ಡಬ್ಬಿ, ಅವಲಕ್ಕಿ ಡಬ್ಬಿ. ಬೇಳೆ ಡಬ್ಬಿಯ ಹಿಂದೆ ತಮ್ಮ ತಂಡದ ಒಂದು ಲೋಟ.

"ಸಕ್ಕರೆ, ಅವಲಕ್ಕಿ ಎರಡೂ ಒಟ್ಟಿಗೆ ನನ್ನ ಮೇಲೆ ಬೀಳ್ತವೆ. ನಾನು ಹಿಂದಕ್ಕೆ ಹೋಗಬಾರದು, ಪಕ್ಕಕ್ಕೂ ಹೋಗಬಾರದು. ನನ್ನ ಎಡಗಡೆ ಸಂದು, ಬಲಗಡೆ ಸಂದು, ಎರಡೂ ನನ್ನವು. ಅವರಿಬ್ಬರನ್ನ ನಾನು ಇಲ್ಲಿ ಹಿಡ್ಕೊಂಡ್ರೆ ಈ ಲೋಟ ಬಿಡುವಾಗಿರುತ್ತೆ. ಅದು ಹೋಗಿ ಚೆಂಡಿರೋನನ್ನ ಬೀಳಿಸುತ್ತೆ."

"ಪೇಪರ್‌ನಲ್ಲಿ ಫೋಟೊ ಯಾರದ್ದು?" ಎಂದೆ.

"ಲೋಟದ್ದು," ಎಂದು ಗಹಗಹಿಸಿ ನಕ್ಕರು. ಮೇಜೇ ನಡುಗಿತು.

ಅದೇ ದಿನ ಫೋನಿನಲ್ಲಿ ತಮ್ಮ ಹಳೆಯ ಪಂದ್ಯವೊಂದನ್ನು ತೋರಿಸಿದರು. ಚೆಂಡು ನೋಡಬೇಡಿ ಮ್ವಾಲಿಮು, ಚೆಂಡು ನೋಡೋರಿಗೆ ನಾನು ಕಾಣಲ್ಲ ಎಂದರು. ನಾನು ಪ್ರಯತ್ನಪಟ್ಟೆ. ಒಂದಷ್ಟು ಜನ ಬಗ್ಗಿ ನಿಂತರು, ರಾಶಿಯಾಗಿ ಬಿದ್ದರು. ಅವರು ಹಿಂದಕ್ಕೆ ಓಡಿಸಿ ಮತ್ತೆ ತೋರಿಸಿದರು, ಮತ್ತೆ ಹಿಂದಕ್ಕೆ, ಮತ್ತೆ. ಪಂದ್ಯದ ಮರುದಿನಗಳಲ್ಲಿ ತಂಡದವರೆಲ್ಲ ಕತ್ತಲೆ ಕೋಣೆಯಲ್ಲಿ ಕೂತು ಹೀಗೇ ನೋಡುತ್ತಿದ್ದರಂತೆ. "ಇದು ನಾನು. ಎಡಗಾಲು ನೋಡಿ. ಅಲ್ಲಾಡ್ಲಿಲ್ಲ ನೋಡಿ." ನನಗೆ ರಾಶಿ ಬಿಟ್ಟು ಬೇರೇನೂ ಕಾಣಲಿಲ್ಲ. ತುಂಬಾ ಚೆನ್ನಾಗಿದೆ ಎಂದೆ. ನನಗೆ ಕಂಡಿಲ್ಲವೆಂದು ಅವರಿಗೆ ಗೊತ್ತಾಯಿತು. ಪರವಾಗಿಲ್ಲ ಎಂದು ಫೋನ್ ಮಗುಚಿಟ್ಟು ಕಾಫಿ ಕುಡಿದರು. ಮತ್ತೆ ಅವರು ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ಇಂಥ ಒಂಟಿತನ ನನಗೆ ಗೊತ್ತಿರಲಿಲ್ಲ. ಊರು ಬಿಟ್ಟು ಬಂದವರ ಒಂಟಿತನ ನನಗೆ ಗೊತ್ತು, ಅದಕ್ಕೆ ನಮ್ಮ ಬಳಿ ಸಂಘ ಇದೆ, ಯುಗಾದಿ ಊಟ ಇದೆ, ಫೋನಿನಲ್ಲಿ ಅಕ್ಕತಂಗಿಯರಿದ್ದಾರೆ. ಇವರು ತಮ್ಮ ಊರಿನಲ್ಲೇ ಇದ್ದವರು. ಆದರೆ ಇವರು ಯಾವುದಕ್ಕಾಗಿ ಮೈ ಸವೆಸಿದರೋ ಅದು ಏನೆಂದು ತಿಳಿದವರು ಸುತ್ತ ಒಬ್ಬರೂ ಇರಲಿಲ್ಲ. ಅಂಗಡಿಯವನು, ಮಟಾಟು ಎಂಬ ಮಿನಿಬಸ್ಸು ಓಡಿಸುವವನು, ಎಲ್ಲರಿಗೂ ಇವರೊಬ್ಬ ದೊಡ್ಡ ಗಾತ್ರದ ಮುದುಕ, ಎರಡು ಸೀಟಿಗೆ ಕಾಸು ಕೊಡಬೇಕಾದವರು. ಭಾನುವಾರ ಸಂಜೆ ಅಮೆರಿಕದ ಪಂದ್ಯ ಶುರುವಾದರೆ ಫೋನಿನ ಸದ್ದು ನಿಲ್ಲಿಸಿ ಒಬ್ಬರೇ ನೋಡುತ್ತಿದ್ದರು. ಸದ್ದೇಕೆ ಬೇಡ ಎಂದರೆ, ಕಾಮೆಂಟರಿಯವರು ಬರೀ ಚೆಂಡಿನ ಸುದ್ದಿ ಹೇಳ್ತಾರೆ ಎಂದರು.

ಅವರ ಪ್ರಕಾರ ಆ ಆಟ ಸರಿಯಾಗಿ ಅರ್ಥವಾದದ್ದು ಅವರ ತಾಯಿಗೆ ಒಬ್ಬರಿಗೇ. ಆಕೆ ಪಂಗಾನಿಯ ಮನೆ ಬಿಟ್ಟು ಕದಲಿದವರಲ್ಲ, ಒಂದು ಪಂದ್ಯವನ್ನೂ ನೋಡಿದವರಲ್ಲ. ಮಗ ಫೋನಿನಲ್ಲಿ ವಿವರಿಸಲು ಹೊರಟ.

"ಅಮ್ಮಾ, ಅವರು ನುಗ್ಗೋಕೆ ನೋಡ್ತಾರೆ. ನಾನು ಬಿಡಬಾರದು."

ಆಕೆ ಯೋಚಿಸಿ, "ಅಂದ್ರೆ ಅಸ್ಕಾರಿ," ಎಂದರು. ಅಸ್ಕಾರಿ ಎಂದರೆ ಇಲ್ಲಿ ಗೇಟು ಕಾಯುವವನು.

"ಹೂಂ ಅಮ್ಮಾ. ಅಸ್ಕಾರಿ."

"ರಾತ್ರಿ ಪಾಳಿನಾ?"

"ಕೆಲವು ಸಲ."

"ಸ್ವೆಟರ್ ಹಾಕ್ಕೋ."

ಚರ್ಚಿನಲ್ಲಿ ಎಲ್ಲರಿಗೂ ಆಕೆ ಮಗ ಅಮೆರಿಕದ ದೊಡ್ಡ ಗೇಟಿನಲ್ಲಿ ಅಸ್ಕಾರಿ ಎಂದೇ ಹೇಳಿದರು. ಕೆಲಸ ಹೋಗಿ ಇವರು ವಾಪಸು ಬಂದಾಗ ಪಂಗಾನಿಯ ಹಿರಿಯರು ಬಂದು, ಬೇಜಾರು ಮಾಡ್ಕೋಬೇಡ, ಇಲ್ಲೂ ಗೇಟುಗಳಿವೆ ಎಂದು ಸಮಾಧಾನ ಹೇಳಿದರಂತೆ. ಒಬ್ಬರು ಬ್ಯಾಂಕೊಂದರಲ್ಲಿ ಕಾವಲು ಕೆಲಸವನ್ನೂ ಗೊತ್ತುಮಾಡಿಕೊಂಡು ಬಂದಿದ್ದರು. ಇವರು ತಿದ್ದಲಿಲ್ಲ. ತಿದ್ದಲು ಏನಿತ್ತು ಎಂದು ನನ್ನನ್ನೇ ಕೇಳಿದರು.

ಇನ್ನೊಂದು ವಿಚಿತ್ರವೆಂದರೆ ಅವರ ಬಾಗಿಲು. ನೈರೋಬಿಯಲ್ಲಿ ನಾವೆಲ್ಲ ಬಾಗಿಲಿಗೊಂದು ಬೀಗ, ಅದರ ಮುಂದಿನ ಕಬ್ಬಿಣದ ಬಾಗಿಲಿಗೊಂದು ಬೀಗ ಜಡಿದುಕೊಂಡು ಬದುಕುವವರು. ಅವರು ಬೆಳಗಾಗುತ್ತಲೇ ಎರಡನ್ನೂ ಹಾರುಹೊಡೆದು ಕೂರುತ್ತಿದ್ದರು. ಮಗಳಿಗಾಗಿ ಎಂದು ನಾನು ಮರುಗಿದರೆ, ಅದಕ್ಕಲ್ಲ ಎಂದರು. ಸೀಸನ್ನಿಗೆ ಮುಂಚೆ ತಂಡಗಳು ಹೆಚ್ಚಿನ ಆಟಗಾರರನ್ನು ಕರೆಸಿ, ತಯಾರಿ ಮಾಡಿಸಿ, ಬೇಡವಾದವರನ್ನು ಮನೆಗೆ ಕಳಿಸುತ್ತವೆ. ಬೆಳಿಗ್ಗೆ ಒಬ್ಬ ಬಂದು ಬಾಗಿಲು ಬಡಿದು, ಕೋಚ್ ಕರೀತಿದಾರೆ, ಆಟದ ಪುಸ್ತಕ ತಗೊಂಡು ಬಾ ಎನ್ನುತ್ತಾನೆ. ಪುಸ್ತಕ ಎಂದನೆಂದರೆ ಮುಗಿಯಿತು, ವಾಪಸು ಕೊಟ್ಟು ಹೊರಡುವುದೇ. ಪ್ರತಿ ವರ್ಷ ಇವರು ಆ ಸದ್ದಿಗೆ ಕಿವಿಗೊಟ್ಟು ಮಲಗಿದವರು. ಪಕ್ಕದ ಕೋಣೆಗೆ ಬಡಿದರೆ ಉಸಿರು ಬಿಡುತ್ತಿದ್ದರು, ಹಾಗೆ ಬಿಟ್ಟದ್ದಕ್ಕೆ ನಾಚುತ್ತಿದ್ದರು. ಕೊನೆಗೊಂದು ವರ್ಷ ಇವರ ಬಾಗಿಲಿಗೇ ಬಡಿದರು.

"ತೆಗೆದೇ ಇಟ್ಟಿದ್ರೆ ಯಾರೂ ಬಡಿಯಲ್ವಲ್ಲ," ಎಂದರು.

ಒಂದು ವರ್ಷ ನಮ್ಮ ಕನ್ನಡ ಸಂಘದ ಕ್ರೀಡಾದಿನಕ್ಕೆ ನನ್ನ ಗಂಡ ಅವರನ್ನು ಮುಖ್ಯ ಅತಿಥಿಯಾಗಿ ಎಳೆದುಕೊಂಡು ಹೋದರು. ನಮ್ಮವರಿಗೆ ಸನ್ಮಾನ ಮಾಡಲು ಒಬ್ಬರು ಸಿಕ್ಕರೆ ಸಾಕು, ಕಾರಣ ಆಮೇಲೆ ಹುಡುಕಿಕೊಳ್ಳುತ್ತೇವೆ. ಹೊದಿಸಿದ ಶಾಲು ಅವರ ಹೆಗಲ ಮೇಲೆ ಕರವಸ್ತ್ರದ ಹಾಗೆ ಕಂಡಿತು. ಹಾರ ತಲೆಯಿಂದ ಕೆಳಗಿಳಿಯಲಿಲ್ಲ. ಅವರು ನನ್ನ ಕಡೆ ಬಗ್ಗಿ, "ನಾನೇನು ಮಾಡಿದೆ ಅಂತ ಇದು?" ಎಂದರು. "ಬಂದ್ರಲ್ಲ, ಸಾಕು," ಎಂದೆ. ಆಮೇಲೆ ಹಗ್ಗಜಗ್ಗಾಟ. ಒಂದು ಕಡೆಯ ಕೊನೆಯವರಾಗಿ ಅವರನ್ನು ಕೂರಿಸಿ ಸೊಂಟಕ್ಕೆ ಹಗ್ಗ ಸುತ್ತಿದರು. ಅವರ ಕಡೆಯವರೆಲ್ಲ ಎಳೀರಿ ಸರ್, ಎಳೀರಿ ಎಂದು ಬೊಬ್ಬೆ. ಅವರು ಎಳೆಯಲಿಲ್ಲ. ಹೋಗಲೂ ಬಿಡಲಿಲ್ಲ. ಹಗ್ಗ ಅಲ್ಲಾಡದೆ ಎರಡೂ ಕಡೆಯ ಇಂಜಿನಿಯರುಗಳು, ಡಾಕ್ಟರುಗಳು ಬೆವೆತು, ಏದುಸಿರು ಬಿಟ್ಟು, ಕೊನೆಗೆ ಬಿಸಿಬೇಳೆಬಾತ್ ಆರುತ್ತದೆಂದು ಪಂದ್ಯ ಸಮ ಎಂದು ಘೋಷಿಸಿದರು. ಎಲ್ಲರೂ ಸಾಲುಗಟ್ಟಿ ಅವರ ಜೊತೆ ಫೋಟೊ ತೆಗೆಸಿಕೊಂಡರು. ಊಟಕ್ಕೆ ಮಾತ್ರ ಅವರ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಏನು ಮಾತಾಡುವುದೆಂದು ಯಾರಿಗೂ ತಿಳಿಯದು. ನಾನು ತಟ್ಟೆ ಹಿಡಿದು ಅಲ್ಲಿಗೆ ಹೋದಾಗ ಅವರು ಹಪ್ಪಳವನ್ನು ಬಹಳ ಜೋಪಾನವಾಗಿ ಮುರಿಯುತ್ತಿದ್ದರು.

ಹೋದ ವರ್ಷ ಒಂದು ಸಂಜೆ ಅವರು ಫೋನ್ ಹಿಡಿದುಕೊಂಡು ನಮ್ಮ ಮನೆಗೆ ಇಳಿದು ಬಂದರು. ಮಗಳ ಸಂದೇಶ. ಸೋದರತ್ತೆಯ ಮಗಳಿಂದ ಅವಳಿಗೆ ಇವರ ನಂಬರ್ ಸಿಕ್ಕಿತಂತೆ. ಕೆಲಸದ ಮೇಲೆ ಒಂದು ವಾರ ನೈರೋಬಿಗೆ ಬರುತ್ತಿದ್ದೇನೆ, ರಿವರ್‌ಸೈಡ್‌ನ ಹೋಟೆಲಿನಲ್ಲಿರುತ್ತೇನೆ, ಶನಿವಾರ ಮಧ್ಯಾಹ್ನ ಅಲ್ಲಿಗೆ ಊಟಕ್ಕೆ ಬರಲಾಗುತ್ತದೆಯೇ ಡ್ಯಾಡ್, ಎಂದು ಬರೆದಿದ್ದಳು. ಇವರು ಅದಕ್ಕೆ ಉತ್ತರವನ್ನೂ ಕಳಿಸಿಯಾಗಿತ್ತು. "ಮನೆ ಅದೇ. ಬಾಗಿಲು ತೆರೆದಿರುತ್ತದೆ." ಅವಳು ನಗುಮುಖದ ಚಿತ್ರ ಕಳಿಸಿ, ಹೋಟೆಲಿನ ಹೆಸರನ್ನು ಮತ್ತೊಮ್ಮೆ ಬರೆದಿದ್ದಳು.

"ಬರ್ತಾಳೆ," ಎಂದರು ನನಗೆ.

ಆ ವಾರ ಅವರು ಮೇಜಿಗೆ ಹೊಸ ಬಟ್ಟೆ ಹಾಸಿದರು. ಮೆಟ್ಟಿಲಿನ ಕೆಟ್ಟ ಬಲ್ಬುಗಳನ್ನು ಬದಲಾಯಿಸಿದರು. ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಕೂತರು. ನಾನು ಶಾಲೆಗೆ ಹೋಗುವಾಗ ಕೂತಿರುತ್ತಿದ್ದರು, ಬರುವಾಗಲೂ. ವಾರ ಕಳೆಯುತ್ತ ಬಂತು. ಶುಕ್ರವಾರ ಸಂಜೆ ನನ್ನ ತಾಳ್ಮೆ ಮುಗಿದು ಮೇಲೆ ಹತ್ತಿದೆ.

"ಮ್ಜೇ, ಅವಳು ಇಲ್ಲಿಗೆ ಬರ್ತೀನಿ ಅಂದಿಲ್ಲ. ಊಟಕ್ಕೆ ಬನ್ನಿ ಅಂತ ಕರೆದಿದಾಳೆ. ಕರೆದ ಕಡೆ ಹೋಗೋದು ಮರ್ಯಾದೆ. ಅರ್ಧ ಭೂಮಿ ಸುತ್ತಿ ಬಂದಿದಾಳೆ ಹುಡುಗಿ, ನೀವು ಮೂರು ಮಹಡಿ ಇಳಿಯಕ್ಕಾಗಲ್ವಾ?"

"ಅವಳಿಗೆ ವಿಳಾಸ ಗೊತ್ತು."

"ಅವಳಿಗೆ ಕೆಲಸ ಇರುತ್ತೆ, ಊರು ಗೊತ್ತಿಲ್ಲ, ಗಾಡಿ ಗೊತ್ತಿಲ್ಲ..."

"ಒಂದೇ ಒಂದು ಸಲ ನಾನು ಜಾಗ ಬಿಟ್ಟಿದೀನಿ ಮ್ವಾಲಿಮು," ಎಂದರು. ದನಿ ಏರಿಸಲಿಲ್ಲ. "ಕೊನೇ ವರ್ಷ. ಮಂಡಿ ಆಗ್ಲೇ ಹೋಗಿತ್ತು. ಚೆಂಡು ಹಿಡ್ಕೊಂಡೋನೊಬ್ಬ ನನ್ನ ಪಕ್ಕದಲ್ಲೇ ಹೋಗ್ತಿದ್ದ, ಕೈ ಚಾಚಿದ್ರೆ ಸಿಗೋ ಹಾಗೆ. ಇಷ್ಟು ವರ್ಷ ಆಯ್ತು, ಒಂದ್ಸಲ ನಾನೇ ಹಿಡೀತೀನಿ ಅನ್ನಿಸ್ತು. ಹೋದೆ. ಅವನ ಕೈಲಿ ಚೆಂಡೇ ಇರ್ಲಿಲ್ಲ. ಇರೋ ಹಾಗೆ ನಟಿಸ್ತಿದ್ದ. ಚೆಂಡಿದ್ದೋನು ನಾನು ಬಿಟ್ಟ ಜಾಗದಲ್ಲೇ ನುಗ್ಗಿ ಹೋದ. ಆಮೇಲೆ ಬಾಗಿಲು ಬಡಿದ್ರು."

"ಇವಳು ಎದುರಾಳಿ ಅಲ್ಲ ಮ್ಜೇ. ಮಗಳು."

"ಅದಕ್ಕೇ." ಅವರು ತೆರೆದ ಬಾಗಿಲ ಕಡೆ ನೋಡಿದರು. "ನಾನು ಆ ಕಡೆ ಹೋದಾಗ ಅವಳು ಈ ಕಡೆ ಬಂದ್ರೆ? ನಾನಿಲ್ಲ ಅಂತ ನೋಡಿ ಹೊರಟುಹೋದ್ರೆ?"

ನನಗೆ ಸಿಟ್ಟು, ಸಂಕಟ ಎರಡೂ. ಅಷ್ಟರಲ್ಲಿ ನನ್ನನ್ನು ಊಟಕ್ಕೆ ಕರೆಯಲು ನನ್ನ ಗಂಡ ಹತ್ತಿ ಬಂದರು. ಜಗಳದಲ್ಲಿ ಎಂದೂ ಬಾಯಿ ಹಾಕದ ಮನುಷ್ಯ. ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು ಹೇಳಿದರು:

"ಸರ್, ಆಟ ಮುಗಿದು ತುಂಬಾ ಕಾಲ ಆಯ್ತು. ಜನ ಎಲ್ಲ ಮನೆಗೆ ಹೋದ್ರು. ನೀವೊಬ್ರೇ ಇನ್ನೂ ಫೀಲ್ಡಲ್ಲಿ ನಿಂತಿದೀರಿ."

ಹೀಗಾ ಹೇಳುವುದು ಎಂದು ನಾನು ಕಣ್ಣು ಬಿಟ್ಟೆ. ನಾವಿಬ್ಬರೂ ಕೆಳಗೆ ಬಂದು, ಮುಖ ಮುಖ ನೋಡಿಕೊಳ್ಳದೆ ಊಟ ಮಾಡಿದೆವು.

ಮರುದಿನ ಬೆಳಿಗ್ಗೆ ನಮ್ಮ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅವರು, ಅಮೆರಿಕದ ಕಾಲದ ನೀಲಿ ಸೂಟಿನಲ್ಲಿ. ಕೋಟಿನ ಗುಂಡಿ ಹಾಕಲು ಬರುತ್ತಿರಲಿಲ್ಲ.

"ಕಾರು ಇದೆಯಾ ಮ್ವಾಲಿಮು? ಆದ್ರೆ ಒಂದು ಮಾತು. ನನ್ನ ಜಾಗದಲ್ಲಿ ಯಾರಾದ್ರೂ ಇರಬೇಕು."

"ನಾನಿರ್ತೀನಿ ಸರ್," ಎಂದರು ನನ್ನ ಗಂಡ. ಅಂದು ಭಾರತದ ಕ್ರಿಕೆಟ್ ಪಂದ್ಯವಿತ್ತು. ಅದನ್ನು ಬಿಟ್ಟು, ಪೇಪರ್ ಹಿಡಿದು ಮೂರನೇ ಮಹಡಿಗೆ ಹೋಗಿ, ತೆರೆದ ಬಾಗಿಲಿಗೆ ಎದುರಾಗಿ ಕೂತರು. ಕುರ್ಚಿ ಎಲ್ಲಿರಬೇಕೆಂದು ಮ್ಜೇ ತೋರಿಸಿಕೊಟ್ಟರು. ಅವಳು ಬಂದರೆ ಮೊದಲು ಕೂರಿಸಿ, ಆಮೇಲೆ ಫೋನ್ ಮಾಡಿ ಎಂದು ಹೇಳಿದರು.

ನನ್ನ ಪುಟ್ಟ ಕಾರು ಎಡಕ್ಕೆ ವಾಲಿಕೊಂಡು ಉಹುರು ಹೈವೇಯಲ್ಲಿ ಸಾಗಿತು. ದಾರಿಯುದ್ದಕ್ಕೂ ಅವರು ಮಗಳಿಗೆಂದು ನಾನು ಕೊಟ್ಟ ಕೋಡುಬಳೆ ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದಿದ್ದರು. ರಿವರ್‌ಸೈಡ್‌ನ ಹೋಟೆಲಿನ ಮುಂದೆ ಇಳಿಸಿದೆ. ಗಾಜಿನ ಬಾಗಿಲ ಆಚೆ ಎತ್ತರದ ಹೆಣ್ಣುಮಗಳೊಬ್ಬಳು ಎದ್ದು ನಿಂತದ್ದು ಕಾಣಿಸಿತು. ಇವರದೇ ಹೆಗಲು. ಅವಳು ಕೈ ಚಾಚಿದಳು, ಇವರೂ ಚಾಚಿದರು, ಆಮೇಲೆ ಅವಳೇ ಬಾಗಿ ಅಪ್ಪಿಕೊಂಡಳು. ನೋಡಬಾರದೆನ್ನಿಸಿ ನಾನು ಕಾರು ಹಿಂದಕ್ಕೆ ತೆಗೆದೆ. ನನ್ನ ಮನಸ್ಸಿಗೆ ಹಬ್ಬವಾಗಿತ್ತು. ಕೊನೆಗೂ ಕದಲಿಸಿದೆನಲ್ಲ ಎಂದು ಬೀಗುತ್ತ ಪಕ್ಕದ ಅಂಗಡಿಯಲ್ಲಿ ಒಂದು ಟೀ ಕುಡಿದು, ಇನ್ನೊಂದು ಕುಡಿದೆ.

ವಾಪಸು ಬರುವಾಗ ಅವರು ಚೆನ್ನಾಗಿಯೇ ಮಾತಾಡಿದರು. ಒಳ್ಳೆ ಹುಡುಗಿ. ಒಳ್ಳೆ ಕೆಲಸ. ನಕ್ಕರೆ ತಮ್ಮ ಅಮ್ಮನ ಹಾಗೇ ಕಾಣುತ್ತಾಳೆ. ಬಿಲ್ಲು ಅವಳೇ ಕೊಟ್ಟಳು. ಕೋಡುಬಳೆ ತಿಂದು ಖಾರ ಎಂದಳು. ನಾಳೆ ವಿಮಾನ, ಇನ್ನು ಮೇಲೆ ಫೋನ್ ಮಾಡುತ್ತಿರುತ್ತಾಳಂತೆ. ನಾನು ಹೂಂ ಹೂಂ ಎನ್ನುತ್ತ ಖುಷಿಯಲ್ಲಿ ಗಾಡಿ ಓಡಿಸಿದೆ. ದೊಡ್ಡ ಸರ್ಕಲ್ಲಿನಲ್ಲಿ ವಾಹನಗಳು ಜಾಮ್ ಆಗಿ ನಿಂತವು. ಅವರು ಕಿಟಕಿಯ ಕಡೆ ತಿರುಗಿ ಹೇಳಿದರು.

"ಕೂತ ತಕ್ಷಣ ಅವಳು ಕೇಳಿದ್ದೇನು ಗೊತ್ತಾ ಮ್ವಾಲಿಮು? ಈಗೆಲ್ಲಿ ಇದೀರಾ ಡ್ಯಾಡ್, ಯಾವ ಏರಿಯಾ ಅಂತ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಕಡೆ ತಿರುಗಿದೆ.

"ಏರ್‌ಪೋರ್ಟಲ್ಲಿ ಹೇಳಿಕೊಟ್ಟಿದ್ದು?"

"ನೆನಪಿಲ್ಲ ಅವಳಿಗೆ. ಹೇಳಿಕೊಟ್ಟಿದ್ದೂ ನೆನಪಿಲ್ಲ. ಎಂಟು ವರ್ಷದ ಮಗು. ಅವಳ ತಪ್ಪೇನಿದೆ? ಕೇಳಿದ್ದೂ ಪ್ರೀತಿಯಿಂದಲೇ."

"ನೀವೇನು ಹೇಳಿದ್ರಿ?"

"ಸೌತ್ ಬಿ ಕಡೆ, ಅಂದೆ."

ಹಿಂದಿನ ಮಟಾಟು ಹಾರ್ನ್ ಹೊಡೆಯುತ್ತಿತ್ತು. ನಾನು ಗಾಡಿ ಮುಂದೆ ಬಿಟ್ಟೆ. ಮನೆ ತಲುಪುವವರೆಗೂ ಅಳಬಾರದೆಂದು ತುಟಿ ಕಚ್ಚಿಕೊಂಡೇ ಓಡಿಸಿದೆ. ಯಾರಿಗೂ ಗೊತ್ತಿಲ್ಲದ ಬಾಗಿಲನ್ನು ಈ ಮನುಷ್ಯ ಮಂಡಿ ಸವೆಸಿಕೊಂಡು ಇಷ್ಟು ವರ್ಷ ಕಾದರಲ್ಲ.

ಮೆಟ್ಟಿಲ ಬುಡಕ್ಕೆ ಬಂದು ಅವರು ಕಂಬಿ ಹಿಡಿದು ನಿಂತರು. ನೆಲಮಹಡಿಯ ಮನೆಯ ಕಿಟಕಿಯಲ್ಲಿ ಬಾಡಿಗೆಗಿದೆ ಎಂಬ ಹಲಗೆ ಎದುರಿಗೇ ತೂಗುತ್ತಿತ್ತು.

"ಈ ಮನೆ ಇನ್ನೂ ಖಾಲಿ ಇದೆಯಾ ಮ್ವಾಲಿಮು?"

ಎಷ್ಟು ಕಾಲದಿಂದ ಇದೊಂದು ಮಾತಿಗಾಗಿ ನಾನು ಅವರ ಜೀವ ತಿಂದಿದ್ದೆ. ಈಗ ಆ ಮಾತು ಬಂತು, ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ.

"ಇಲ್ಲ ಮ್ಜೇ. ಯಾರೋ ತಗೊಂಡ್ರು," ಎಂದೆ.

ಅವರು ಹಲಗೆಯನ್ನು ನೋಡಿದರು. ನನ್ನನ್ನು ನೋಡಿದರು. "ತಗೊಂಡಿರ್ಬೇಕು," ಎಂದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಆ ಸದ್ದು ಕೇಳಿ ಮೂರನೇ ಮಹಡಿಯಿಂದ ನನ್ನ ಗಂಡ ಕಂಬಿಯ ಮೇಲೆ ಬಗ್ಗಿದರು. ಅವರಿಗೆ ಏನೂ ಗೊತ್ತಿಲ್ಲ.

"ಸರ್, ಯಾರೂ ಬರ್ಲಿಲ್ಲ! ನಾನು ಬಾತ್‌ರೂಮಿಗೂ ಏಳ್ಲಿಲ್ಲ ಸರ್!"

ಮ್ಜೇ ನಿಂತರು. ಉಸಿರು ತೆಗೆದುಕೊಂಡು, ತಲೆ ಎತ್ತಿ ಮೇಲೆ ನೋಡಿ, "ಚೆನ್ನಾಗಿ ಆಡಿದ್ರಿ," ಎಂದರು.